ಮುಕ್ಕಾಲು ಪಗಾರದ ಅಕ್ಕಾವರು

ಹೋದ ವಾರ ನಮ್ಮ ಓಣಿಗೆ ಗಾದಿ ಹಿಂಜುವವರು ಬಂದಿದ್ದರು. ಇಂಥವರು ಈಗ ಬರುವುದೇ ಅಪರೂಪ. ಸೊಸೆ ಎರಡು ಹಳೇ ಗಾದಿಗಳನ್ನು ಹೊರಗೆ ಹಾಕಿಸಿದಳು. ಅವರು ಹೊಲಿಗೆ ಬಿಚ್ಚಿ, ಅರಳೆಯನ್ನು ಕಟ್ಟೆಯ ಮೇಲೆ ಸುರಿದು, ಹಿಂಜಿ ಹಿಂಜಿ ಗುಂಪಿ ಹಾಕತೊಡಗಿದರು. ಹಳೇ ಅರಳೆಗೆ ಒಂದು ವಾಸನೆ ಇರುತ್ತದೆ. ಧೂಳು, ತಲೆಗೆ ಹಚ್ಚಿದ ಎಣ್ಣೆ, ಎಲ್ಲೋ ಆಳದಲ್ಲಿ ಹತ್ತಿಕಾಳಿನ ಕಮಟು... ಆ ವಾಸನೆ ಮೂಗಿಗೆ ಬಡಿದು, ಆ ಗುಂಪಿಗಳು ಕಣ್ಣಿಗೆ ಬಿದ್ದು, ನಾನು ಒಬ್ಬನೇ ನಗತೊಡಗಿದೆ.

"ಮಾವಾರ, ಯಾಕ ನಗಾಕ ಹತ್ತೀರಿ?" ಎಂದು ಸೊಸೆ ಕೇಳಿದಳು.

ಟೈಪಿನ ಅಕ್ಕಾವರು ನೆನಪಾದರು ಎಂದು ಹೇಳಿದ್ದರೆ, ಅರಳೆಗೂ ಟೈಪಿಗೂ ಏನು ಸಂಬಂಧ ಎಂದು ಆಕೆ ಕೇಳುತ್ತಿದ್ದಳು. ಸಂಬಂಧ ಇದೆ. ಅದನ್ನು ನಿಂತಲ್ಲೇ ಹೇಳಿ ಮುಗಿಸಲು ಆಗುವುದಿಲ್ಲವೆಂದು ಈಗ ಬರೆಯಲು ಕೂತಿದ್ದೇನೆ.

ಗದಗಿನಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಕಾಲೇಜಿನ ಕಚೇರಿಯಲ್ಲಿ ನಾನು ಕಾರಕೂನನಾಗಿ ಸೇರಿದ್ದೆ. ಊರ ಜನರ ವಂತಿಗೆ, ಮುಂಬಯಿ ಸರಕಾರದ ಅನುದಾನ, ಈ ಎರಡರ ಮೇಲೆ ನಡೆಯುವ ಕಾಲೇಜು. ಸ್ವಂತ ಕಟ್ಟಡ ಇರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು ಹತ್ತಿ ವ್ಯಾಪಾರದ ಒಬ್ಬ ಸಾಹುಕಾರರು. ಬೆಟಗೇರಿಯ ಹಾದಿಯಲ್ಲಿದ್ದ ತಮ್ಮ ಹಳೇ ಹತ್ತಿ ವಖಾರಿಯನ್ನೇ ಕಾಲೇಜಿಗೆ ಬಿಟ್ಟುಕೊಟ್ಟಿದ್ದರು. ಕ್ಲಾಸಿನಲ್ಲಿ ಯಾರಾದರೂ ಜೋರಾಗಿ ಸೀನಿದರೆ ತೊಲೆಯಿಂದ ಅರಳೆ ಉದುರುತ್ತಿತ್ತು. ಬೆಳಿಗ್ಗೆ ಕರಿ ತಲೆ ಹೊತ್ತು ಬಂದ ಹುಡುಗರು ಸಂಜೆ ಬಿಳಿ ತಲೆ ಹೊತ್ತು ಮನೆಗೆ ಹೋಗುತ್ತಿದ್ದರು. ಓದಿ ಓದಿ ಹೀಗಾದರು ಎಂದು ತಾಯಂದಿರು ಮರುಗುತ್ತಿದ್ದರಂತೆ.

ಕಚೇರಿಯಲ್ಲಿ ನಾವು ಮೂವರು. ಹೆಡ್ ಕಾರಕೂನರು, ಅವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಅವರಿಗೆ ಸೀಸೆಯ ಮಸಿ, ಕೈಬರಹ ಮತ್ತು ದೇವರು ಈ ಮೂರರ ಮೇಲೆ ಮಾತ್ರ ನಂಬಿಕೆ. ಎರಡನೆಯವರು ಟೈಪಿನ ಅಕ್ಕಾವರು. ಮೂರನೆಯವನು ನಾನು.

ಅಕ್ಕಾವರು ಮುಳಗುಂದದ ಕಡೆಯ ರೈತರ ಮನೆಯವರು. ಎತ್ತರದ ಆಳು. ಮ್ಯಾಟ್ರಿಕ್ ಆಗುವ ತನಕ ರಜೆಯಲ್ಲೆಲ್ಲ ತಾಯಿಯ ಜೊತೆ ಕಳೆ ಕಿತ್ತವರು, ಹತ್ತಿ ಬಿಡಿಸಿದವರು. ಅವರ ತಾಯಿ ಕೂಲಿಗೆ ಹೋಗುತ್ತಿದ್ದುದು ನಮ್ಮ ಇದೇ ಸಾಹುಕಾರರ ಹೊಲಕ್ಕೆ. ಅಕ್ಕಾವರ ಯಜಮಾನರು ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು. ಕಂಪನಿ ಲಕ್ಷ್ಮೇಶ್ವರದಲ್ಲಿ ಕ್ಯಾಂಪು ಹಾಕಿದರೆ ಅವರು ಲಕ್ಷ್ಮೇಶ್ವರದಲ್ಲಿ, ಮುಂಡರಗಿಯಲ್ಲಿ ಹಾಕಿದರೆ ಮುಂಡರಗಿಯಲ್ಲಿ. ಆಟ ತುಂಬಿದರೆ ಮನೆಗೆ ದುಡ್ಡು, ತುಂಬದಿದ್ದರೆ ಮನೆಗೆ ಮಾಸ್ತರರೇ. ಹೀಗಾಗಿ ಎರಡು ಮಕ್ಕಳು, ಸೊಂಟ ಬಾಗಿದ ತಾಯಿ, ಆಗಾಗ ಬರುವ ಮಾಸ್ತರರು, ಇಷ್ಟೂ ಜನ ಅಕ್ಕಾವರ ಪಗಾರದ ಮೇಲೆ ಇದ್ದರು.

ಆ ಪಗಾರ ನನ್ನ ಪಗಾರದ ಮುಕ್ಕಾಲು.

ನಾನು ಸೇರುವ ಹೊತ್ತಿಗೆ ಅವರು ಅಲ್ಲಿ ಹಳಬರು. ಬಂದ ಟಪಾಲು ಹೇಗೆ ದಾಖಲು ಮಾಡಬೇಕು, ಫೂಲ್‌ಸ್ಕೇಪ್ ಹಾಳೆಯನ್ನು ಹೇಗೆ ಮಡಿಸಬೇಕು, ರಾಯರು ಸಿಟ್ಟಿನಲ್ಲಿದ್ದಾಗ ಅವರ ಸಹಿ ಹೇಗೆ ಪಡೆಯಬೇಕು, ಎಲ್ಲ ನನಗೆ ಕಲಿಸಿದವರು ಅವರೇ. ಮೊದಲ ಪಗಾರದ ದಿನ ರೆವಿನ್ಯೂ ತಿಕೀಟಿನ ಮೇಲೆ ಸಹಿ ಮಾಡಲು ನನ್ನ ಸರದಿ ಬಂತು. ಹಿಂದೆ ನಿಂತಿದ್ದ ಅಕ್ಕಾವರು ನನ್ನ ಹೆಸರಿನ ಮುಂದಿನ ಅಂಕಿ ನೋಡಿದರು, ತಮ್ಮ ಹೆಸರಿನ ಮುಂದಿನ ಅಂಕಿ ನೋಡಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ನಿಮಗ ನನಗಿಂತ ಏನು ಜಾಸ್ತಿ ಐತ್ರಿ?" ಎಂದರು.

ಸಿಟ್ಟಿನಿಂದಲ್ಲ, ಖರೆಯೇ ತಿಳಿದುಕೊಳ್ಳಲು ಕೇಳಿದಂತೆ ಇತ್ತು. ನನಗೆ ಇದ್ದದ್ದು ಒಂದು ಮೀಸೆ. ಅದೂ ಪೂರ್ತಿ ಬಂದಿರಲಿಲ್ಲ. ಅಂದಿನಿಂದ ಏನಾದರೂ ಭಾರದ ಕೆಲಸ ಬಂದರೆ ಅಕ್ಕಾವರು ಅದನ್ನು ನನ್ನ ಮೇಜಿಗೆ ಸರಿಸಿ, "ಇದು ಮೀಸಿ ಕೆಲಸ ಐತ್ರಿ" ಎನ್ನುತ್ತಿದ್ದರು. ರಾಯರು ಕೂಡ ಗಲ್ಲದ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದರು.

ಆ ವರ್ಷ ಊರಿನಲ್ಲಿ ಮಾತೆಲ್ಲ ಏಕೀಕರಣದ್ದೇ. ಮುಂಬಯಿಗೆ ಸೇರಿದ್ದ ನಾವು, ನಿಜಾಮರ ಕಡೆ ಇದ್ದವರು, ಮೈಸೂರಿನವರು, ಎಲ್ಲ ಒಂದೇ ಸರಕಾರದ ಕೆಳಗೆ ಬರುವ ವರ್ಷ. ಬಯಲಿನಲ್ಲಿ ದೊಡ್ಡ ಸಭೆ ಆಯಿತು, ಫೇಡೆ ಹಂಚಿದರು. ಸಾಹುಕಾರರು ಜರಿ ರುಮಾಲು ಸುತ್ತಿ ಭಾಷಣ ಮಾಡಿದರು. "ಇನ್ನ ಮ್ಯಾಲ ನಮ್ಮೊಳಗ ಮ್ಯಾಲಿಲ್ಲ, ಕೆಳಗಿಲ್ಲ. ಒಂದ ತಾಯಿ ಮಕ್ಕಳು, ಒಂದ ಪಂಕ್ತಿ, ಒಂದ ಊಟ" ಎಂದರು. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದ ಅಕ್ಕಾವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನನಗೆ ಕಾಣಿಸಿತ್ತು. ಮುಕ್ಕಾಲು ಪಗಾರದವರಿಗೆ ಆ ಮಾತು ಬೇರೆಯಾಗಿ ಕೇಳಿಸಿರಬೇಕು ಎಂದು ಆಗ ಹೊಳೆಯಲಿಲ್ಲ.

ಸಭೆಯ ಹಿಂದೆಯೇ ಒಂದು ಸುತ್ತೋಲೆ ಬಂತು. ಅನುದಾನ ಪಡೆಯುವ ಕಾಲೇಜುಗಳು ತಮ್ಮಲ್ಲಿರುವ ಪ್ರತಿಯೊಬ್ಬರ ಹುದ್ದೆ, ಸೇರಿದ ತಾರೀಖು, ಪಗಾರ, ಇವುಗಳ ಯಾದಿಯನ್ನು ಟೈಪು ಮಾಡಿ ಹೊಸ ಸರಕಾರಕ್ಕೆ ಕಳಿಸಬೇಕು. ಯಾದಿಯಲ್ಲಿ ಇದ್ದದ್ದೇ ಮುಂದಿನ ಲೆಕ್ಕಕ್ಕೆ ಆಧಾರ. ರಾಯರು ಅದನ್ನು ಗಟ್ಟಿಯಾಗಿ ಓದಿದಾಗ ನನಗೆ ನಮ್ಮ ಅಪ್ಪ ನೆನಪಾದರು. ಅಪ್ಪ ಶಿರಹಟ್ಟಿಯಲ್ಲಿ ಸಂಸ್ಥಾನದ ಕಾರಕೂನರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಹೀಗೆಯೇ ಒಂದು ಯಾದಿ ಹೋಗಿತ್ತು. ಸಂಸ್ಥಾನದ ಚಿಲ್ಲರೆ ಪಗಾರವನ್ನೇ ಅದರಲ್ಲಿ ಬರೆದರು. ಅದೇ ಗಟ್ಟಿಯಾಯಿತು. ಪಕ್ಕದ ಕುರ್ಚಿಗೆ ಬಂದ ಮುಂಬಯಿ ಸರಕಾರದ ಕಾರಕೂನ ಅದೇ ಕೆಲಸಕ್ಕೆ ಹೆಚ್ಚು ಎಣಿಸಿಕೊಂಡು ಹೋದ, ಅಪ್ಪ ಕಡಿಮೆ ಎಣಿಸಿಕೊಂಡೇ ನಿವೃತ್ತರಾದರು. ಇದನ್ನು ನಾನು ಸುಮ್ಮನೆ ಹೇಳಿದೆ.

ಅಕ್ಕಾವರ ಟೈಪು ನಿಂತಿತು.

"ಅಂದ್ರ ಈಗ ನಂದು ಮುಕ್ಕಾಲು ಅಂತ ಹೋದ್ರ, ಸಾಯೂ ತನಾ ಮುಕ್ಕಾಲನ?"

"ಹಂಗ ಆಗ್ತದ ನೋಡ್ರಿ," ಎಂದರು ರಾಯರು.

ಮರುದಿನವೇ ಅಕ್ಕಾವರು ಸಾಹುಕಾರರ ಹತ್ತಿ ಅಂಗಡಿಗೆ ಹೋಗಿ ಅವರ ಮುಂದೆ ನಿಂತರು. ಸಾಹುಕಾರರು ಕೆಟ್ಟವರಲ್ಲ, ಜಿಪುಣರು. ಕಾಲೇಜಿಗೆ ವಖಾರಿ ಕೊಟ್ಟಿದ್ದರು, ಆದರೆ ಅದರ ಮೂಲೆಯಲ್ಲಿದ್ದ ಹಳೇ ತಕ್ಕಡಿ ಮಾತ್ರ ಕೊಟ್ಟಿರಲಿಲ್ಲ. ಬಂದಾಗಲೆಲ್ಲ ಅದು ಅಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಅಕ್ಕಾವರ ಮಾತು ಕೇಳಿ ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೂಡಿಸಿಕೊಂಡು ತಿಳಿಸಿ ಹೇಳಿದರು.

"ನೋಡು ತಂಗೀ, ನೀನೂ ಹೊಲಾ ಮನಿ ಕಂಡಾಕಿ. ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಒಂದು ಕೂಲಿ. ಇದು ನಾ ಮಾಡಿದ್ದಲ್ಲ, ಹಿರ್ಯಾರು ಹಾಕಿದ ಪದ್ಧತಿ. ಕಾಲೇಜು ಅಂದ್ರೂ ಒಂದು ಹೊಲಾನ."

"ಹಂಗಾದ್ರ ಹೊಲದ ಪದ್ಧತಿ ಪ್ರಕಾರ ನಡೀಲಿ ಅಂತೀರೇನ್ರಿ?"

"ಮತ್ತ? ಹಂಗ ನಡೀಬೇಕು."

"ಪೂರಾ?"

"ಪೂರಾ," ಎಂದು ಸಾಹುಕಾರರು ಧಾರಾಳವಾಗಿ ಹೇಳಿದರು. ಸುತ್ತೋಲೆ ತೋರಿಸಲು ಹೋಗಿದ್ದ ರಾಯರೂ ನಾನೂ ಅಲ್ಲೇ ಇದ್ದೆವು.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಅಕ್ಕಾವರು ಬರಲಿಲ್ಲ. ಬಿಸಿಲು ಏರಿದ ಮೇಲೆ ನಿಧಾನವಾಗಿ ಬಂದರು, ತಲೆಯ ಮೇಲೆ ರೊಟ್ಟಿ ಗಂಟು. ರಾಯರು ಗಡಿಯಾರ ತೋರಿಸಿದರು.

"ಹೆಣ್ಣಾಳು ಮನ್ಯಾಗ ರೊಟ್ಟಿ ಬಡದು, ಮಕ್ಕಳಿಗೆ ಉಣಸಿ ಬರ್ತಾರ್ರಿ ರಾಯರ. ಹೊಲದಾಗ ಯಾರೂ ಇದಕ್ಕ ಗಡಿಯಾರ ತೋರಸೂದಿಲ್ಲ."

ಕೂತು ಟೈಪು ಶುರು ಮಾಡಿದರು, ಹಾಡನ್ನೂ ಶುರು ಮಾಡಿದರು. ಕಳೆ ಕೀಳುವಾಗ ಹೆಣ್ಣಾಳುಗಳು ಸಾಲು ಹಿಡಿದು ಹಾಡುವುದಿಲ್ಲವೇ, ಅಂಥ ಹಾಡು. ಒಳ್ಳೇ ಗಟ್ಟಿ ಕಂಠ. ಪ್ರತಿ ಸಾಲಿನ ಕೊನೆಗೆ ಟೈಪ್‌ರೈಟರಿನ ಗಂಟೆ ಹೊಡೆಯುತ್ತಿತ್ತು, ಅದಕ್ಕೆ ಸರಿಯಾಗಿ ಹಾಡಿನ ನುಡಿಯೂ ಮುಗಿಯುತ್ತಿತ್ತು. ವಿದ್ಯಾರ್ಥಿಗಳು ಕಿಟಕಿಗೆ ಜೋತು ಬಿದ್ದರು. ಪ್ರಿನ್ಸಿಪಾಲರು ಪುಣೆಯಲ್ಲಿ ಕಲಿತವರು. ಹೊರಗೆ ಬಂದು, ಇದು ಏಕೀಕರಣದ ಸಮಾರಂಭದ ತಾಲೀಮೇ ಎಂದು ಕೇಳಿ, ಹೌದೆಂದು ತಾವೇ ತಿಳಿದುಕೊಂಡು ಒಳಗೆ ಹೋದರು.

ಮಧ್ಯಾಹ್ನ ಅಕ್ಕಾವರು ವಖಾರಿಯ ಮುಂದಿನ ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿದರು. ಹೆಣ್ಣಾಳು ಉಣ್ಣುವ ಹೊತ್ತಿಗೆ ಧಣಿಯ ಮನೆಯಿಂದ ಮಜ್ಜಿಗೆ ಬರಬೇಕು, ಅದೂ ಪದ್ಧತಿ. ಸಾಹುಕಾರರ ಮನೆಗೆ ಕಾಲೇಜಿನ ಸಿಪಾಯಿಯ ಕೈಲಿ ಹೇಳಿ ಕಳಿಸಿದರು. ಸಾಹುಕಾರರ ಹೆಂಡತಿ ಯಾವ ಹೊಲ, ಯಾವ ಆಳು ಎಂದು ಕೇಳುವ ಪೈಕಿ ಅಲ್ಲ. ನಮ್ಮ ಹೊಲದಲ್ಲಿ ಹೆಣ್ಣಾಳು ಉಣ್ಣಲು ಕೂತಾಳೆ ಎಂದರೆ ಮಜ್ಜಿಗೆ ಹೋಗಬೇಕು, ಅಷ್ಟೇ. ಉಪ್ಪು, ಕೊತ್ತಂಬರಿ ಹಾಕಿದ ಒಂದು ದೊಡ್ಡ ಗಡಿಗೆ ಬಂತು. ಅಕ್ಕಾವರು ಒಬ್ಬರೇ ಎಷ್ಟು ಕುಡಿಯುತ್ತಾರೆ? ನಾವೂ ಕುಡಿದೆವು. ದಿನಾ ಬರತೊಡಗಿತು. ಸತ್ಯ ಹೇಳುವುದಾದರೆ ಆ ಕಾಲೇಜಿನ ಕಚೇರಿ ಅಷ್ಟು ಸುಖವಾಗಿ ಹಿಂದೆಂದೂ ನಡೆದಿರಲಿಲ್ಲ.

ಸಾಹುಕಾರರಿಗೆ ಖಬರ ಮುಟ್ಟಿತು. ಪೂರಾ ಎಂದು ಬಾಯಿಬಿಟ್ಟು ಹೇಳಿದವರು ಅವರೇ. "ಇರ್ಲಿ ಬಿಡ್ರಿ, ಮಜ್ಜಿಗಿ ಏನು ಮಹಾ. ಪಗಾರ ಕೇಳೂದಕಿಂತ ಸೋವಿ" ಎಂದರಂತೆ.

ಶನಿವಾರ ಸಂಜೆ ಸಾಹುಕಾರರು ಸಹಿ ಹಾಕಲು ಕಚೇರಿಗೆ ಬರುವುದು ರೂಢಿ. ವಾರವೆಲ್ಲ ಟೈಪಾದ ಕಾಗದಪತ್ರ ಒಟ್ಟಾಗಿ ಇರುತ್ತಿತ್ತು. ಆ ಶನಿವಾರವೂ ಬಂದರು, ಎಲ್ಲದಕ್ಕೂ ಸಹಿ ಹಾಕಿದರು. ಹೊಸ ಸರಕಾರಕ್ಕೆ ಹೋಗಬೇಕಾದ ಯಾದಿಗೂ ಹಾಕಿದರು. ಅದರಲ್ಲಿ ಅಕ್ಕಾವರ ಹೆಸರಿನ ಮುಂದೆ ಆ ಮುಕ್ಕಾಲು ಪಗಾರವೇ ಇತ್ತು. ಅವರೇ ತಮ್ಮ ಕೈಯಾರೆ ಟೈಪು ಮಾಡಿದ್ದರು.

ಸಹಿ ಮುಗಿದ ಮೇಲೆ ಅಕ್ಕಾವರು ನೆಲದ ಮೇಲೆ ಒಂದು ಪಂಜೆ ಹಾಸಿದರು. ಕಾಗದಗಳನ್ನೆಲ್ಲ ಎತ್ತಿಕೊಂಡು ಅದರ ಮೇಲೆ ಗುಂಪಿ ಗುಂಪಿಯಾಗಿ ಹಾಕುತ್ತ ಹೋದರು.

"ಇದೇನು ತಂಗೀ?"

"ಹತ್ತಿ ಬಿಡಿಸಿದ ಮ್ಯಾಲ ಸಂಜೀಕೆ ಗುಂಪಿ ಹಾಕೂದು ಪದ್ಧತಿ ಅಲ್ಲೇನ್ರಿ ಸಾವ್ಕಾರ್ರ? ಬಿಡಿಸಿದಾಕಿ ಗುಂಪಿ ಹಾಕಬೇಕು, ಅಕಿ ಕೂಲಿ ಗುಂಪಿ ಯಾವುದಂತ ಧಣ್ಯಾರು ಬೆರಳು ಮಾಡಿ ತೋರಸಬೇಕು. ತೋರಸ್ರಿ."

ನಮ್ಮ ಕಡೆ ಹತ್ತಿ ಬಿಡಿಸುವವರ ಕೂಲಿ ಹೀಗೆಯೇ. ರೊಕ್ಕ ಇಲ್ಲ, ಬಿಡಿಸಿದ ಅರಳೆಯಲ್ಲೇ ಒಂದು ಪಾಲು. ಸಾಹುಕಾರರಿಗೆ ಖುಷಿಯೇ ಆಯಿತು. ಹೊಟ್ಟೆ ಅಲುಗುವಂತೆ ನಕ್ಕರು. ಕೋಲನ್ನು ಬಗಲಿಗೆ ಇಟ್ಟುಕೊಂಡು, ಹೊಲದಲ್ಲಿ ನಿಂತಂತೆಯೇ ನಿಂತು, ಒಂದೊಂದು ಗುಂಪಿಯನ್ನೂ ಕಣ್ಣಳತೆಯಲ್ಲಿ ನೋಡಿ, ಎಲ್ಲಕ್ಕಿಂತ ಸಣ್ಣದಕ್ಕೆ ಬೆರಳು ತೋರಿಸಿದರು.

ಅಕ್ಕಾವರು ಅದನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡು, ಸೆರಗು ಬಿಗಿದು, ಬಾಗಿ ನಮಸ್ಕಾರ ಮಾಡಿ ಮನೆಗೆ ಹೋದರು.

ಸೋಮವಾರ ರಾಯರು ರಜಿಸ್ಟರ್ ಟಪಾಲಿಗೆಂದು ಯಾದಿ ಹುಡುಕಿದರು. ಇಲ್ಲ. ಅದರ ಕಾರ್ಬನ್ ಪ್ರತಿ ಇಲ್ಲ. ರಾಯರು ಕೈಯಿಂದ ಬರೆದಿದ್ದ ಕಚ್ಚಾ ಪ್ರತಿ, ಅದೂ ಯಾದಿಗೇ ಟಾಚಣಿ ಚುಚ್ಚಿಕೊಂಡು ಹೋಗಿತ್ತು. ರಾಯರು ಕಪಾಟು ಹುಡುಕಿದರು, ಮೇಜಿನ ಕೆಳಗೆ ಹುಡುಕಿದರು, ಕಡೆಗೆ ಸಾಹುಕಾರರ ತಕ್ಕಡಿಯ ಪರಡಿಯನ್ನೂ ಎತ್ತಿ ನೋಡಿದರು. ಬಿಸಿಲು ಏರಿದ ಮೇಲೆ ಅಕ್ಕಾವರು ಬಂದರು.

"ಅದು ನನ್ನ ಕೂಲಿ ಗುಂಪ್ಯಾಗ ಬಂತರಿ," ಎಂದರು.

"ಅಯ್ಯ, ಮತ್ತೊಮ್ಮೆ ಟೈಪ್ ಮಾಡಿ ಕೊಡ್ರಿ ಅಕ್ಕಾವ್ರ. ನಿಮಗ ಏನು ಮಹಾ ಕೆಲಸ ಅದು."

"ಒಮ್ಮೆ ಬಿಡಿಸಿದ ಅರಳಿ ಮತ್ತ ಬಿಡಿಸೂದು ಎಲ್ಲೈತ್ರಿ? ಗಿಡದಾಗ ಹೊಸಾ ಕಾಯಿ ಒಡೀಲಿ, ಖಂಡಿತ ಬಿಡಸ್ತೀನಿ."

ಉಳಿದ ಕೆಲಸವೆಲ್ಲ ಎಂದಿನಂತೆ ಮಾಡಿದರು, ಹಾಡಿಕೊಂಡು. ಯಾದಿಯ ಮಾತು ಮಾತ್ರ ಎತ್ತಗೊಡಲಿಲ್ಲ.

ಈಗ ಪೇಚಾಟ ನಮ್ಮದು. ಯಾದಿ ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಹೊಸ ಸರಕಾರದ ಲೆಕ್ಕದಲ್ಲಿ ರಾಯರೂ ಇಲ್ಲ, ನಾನೂ ಇಲ್ಲ, ಪ್ರಿನ್ಸಿಪಾಲರೂ ಇಲ್ಲ. ಸ್ಟೇಷನ್ ಹತ್ತಿರದ ಟೈಪಿಂಗ್ ಕ್ಲಾಸಿಗೆ ಒಯ್ಯೋಣ ಎಂದೆ. ರಾಯರು ಒಪ್ಪಲಿಲ್ಲ. ಎಲ್ಲರ ಪಗಾರ ಬರೆದ ಕಾಗದ, ಹೊರಗಿನವರ ಕೈಗೆ ಕೊಟ್ಟರೆ ಸಂಜೆಯೊಳಗೆ ಊರಿನ ಚಹದಂಗಡಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ರಾಯರ ಪಗಾರದ ಬಗ್ಗೆ ಅವರ ಬೀಗರಿಗೆ ಬೇರೆಯೇ ಕಲ್ಪನೆ ಇತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಹೀಗಾಗಿ ಅಕ್ಕಾವರು ಮನೆಗೆ ಹೋದ ಮೇಲೆ ನಾವೇ ಯಂತ್ರದ ಮುಂದೆ ಕೂತೆವು. ರಾಯರು ಒಂದೇ ಬೆರಳಿನಿಂದ ಒಂದೊಂದು ಅಕ್ಷರವನ್ನೂ ಹುಡುಕಿ, ಸಿಕ್ಕ ಮೇಲೆ ಅದು ಓಡಿ ಹೋಗಬಾರದೆಂಬಂತೆ ಕುಟ್ಟಿದರು. ಹಾಳೆ ತೂತು ಬಿತ್ತು. ನಾನು ಕೂತೆ. ಪ್ರಿನ್ಸಿಪಾಲರ ಪಗಾರದಲ್ಲಿ ಒಂದು ಸೊನ್ನೆ ಬಿಟ್ಟೆ, ಸಿಪಾಯಿಯ ಪಗಾರದಲ್ಲಿ ಅದನ್ನು ಸೇರಿಸಿದೆ. ಸಿಪಾಯಿ ಅದೇ ಪ್ರತಿ ಕಳಿಸೋಣ ಎಂದ. ಕಾರ್ಬನ್ ತಿರುಗಾ ಹಾಕಿದ್ದರಿಂದ ಅಕ್ಷರಗಳು ಹಾಳೆಯ ಬೆನ್ನಿಗೆ ಮೂಡಿದ್ದವು. ರಾಯರು ಕನ್ನಡಿ ತರಿಸಿ ಓದಿ ನೋಡಿದರು. ಮೈ ಕೈಯೆಲ್ಲ ಮಸಿ ಮಾಡಿಕೊಂಡು, ಇನ್ನು ತಡೆಯಲಾಗದೆ ನನ್ನನ್ನು ಸಾಹುಕಾರರ ಬಳಿ ಅಟ್ಟಿದರು.

ಸಾಹುಕಾರರು ಪೂರ್ತಿ ಕೇಳಿಸಿಕೊಂಡು, "ಅಷ್ಟ ಹೌದಲ್ಲೊ. ಅಕಿ ಮನಿಗೆ ಹೋಗಿ ನಾನ ಇಸಗೊಂಡು ಬರ್ತೀನಿ, ನಡಿ" ಎಂದು ರುಮಾಲು ತರಲು ಮನೆಯೊಳಗೆ ಹೋದರು. ನಾನು ಪಡಸಾಲೆಯಲ್ಲಿ ನಿಂತೆ. ಒಳಗಿನಿಂದ ರುಮಾಲು ಬರಲಿಲ್ಲ, ಬರಿ ತಲೆಯ ಸಾಹುಕಾರರ ಹಿಂದೆ ಅವರ ಹೆಂಡತಿ ಬಂದರು.

"ಏನು ಇಸಗೊಂಡು ಬರ್ತೀರಿ?"

"ಅದೇನೋ ಒಂದು ಹಾಳಿ. ಶನಿವಾರ ಅಕಿ ಉಡ್ಯಾಗ ಹೋಗೇತಿ."

"ಅದಾಗೆ ಹೋತೋ, ನೀವಾ ಬೆರಳು ಮಾಡಿ ಹಾಕಿಸಿದ್ರೋ?"

ಸಾಹುಕಾರರು ನನ್ನನ್ನು ನೋಡಿದರು. ನಾನು ತೊಲೆ ನೋಡಿದೆ.

"ಮುತ್ತೈದಿ ಉಡ್ಯಾಗ ಹಾಕಿದ್ದನ್ನ ತಿರುಗಿ ಕೇಳಾಕ ಹೊಂಟೀರಿ. ಒಳಗ ಸೊಸಿ ಬಸರಿ ಅದಾಳ. ಈ ಮನಿ ಹೊಸ್ತಲಾ ದಾಟಿ ಆ ಮಾತಿಗೆ ಹೋಗಬ್ಯಾಡ್ರಿ, ನೋಡ್ರಿ ಹೇಳೀನಿ."

ಅಂಥ ಸಾಹುಕಾರರು ಅಲ್ಲೇ ಕಂಬಕ್ಕೆ ಒರಗಿ ಕೂತರು. ಉಡಿಗೆ ಬಿದ್ದದ್ದು ಕಾಯಿಯಾಗಲಿ, ಕಾಳಾಗಲಿ, ಕಾಗದವಾಗಲಿ, ಅದನ್ನು ಕಿತ್ತುಕೊಳ್ಳುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಮತ್ತ ಏನು ಮಾಡೂಣು ಈಗ?" ಎಂದರು, ಹೆಂಡತಿಯನ್ನೋ ನನ್ನನ್ನೋ ತಿಳಿಯಲಿಲ್ಲ.

"ಅಕಿ ಏನಂದಾಳ?" ಎಂದು ಹೆಂಡತಿ ನನ್ನನ್ನು ಕೇಳಿದರು.

ನಾನು ಹೇಳಿದೆ, ಹೊಸ ಕಾಯಿ ಒಡೆದರೆ ಬಿಡಿಸುತ್ತೇನೆ ಅಂದಿದ್ದಾರೆ ಎಂದು. ಅವರು ನನ್ನ ಮಸಿ ಹತ್ತಿದ ಕೈ, ಮಸಿ ಹತ್ತಿದ ಮೂಗು ನೋಡಿದರು.

"ನೀವು ಇಬ್ಬರು ಗಂಡಾಳು ಕುಂತ್ರೂ ಆಗಲಿಲ್ಲೇನಪಾ ಆ ಕೆಲಸ?"

"ಇಲ್ಲರಿ ಅಮ್ಮಾರ."

ಅವರು ಗಂಡನ ಕಡೆ ತಿರುಗಿದರು. "ಗಂಡಾಳ ಕೈಲೆ ಆಗಲಾರದ ಕೆಲಸಕ್ಕ ಹೆಣ್ಣಾಳ ಕೂಲಿ ಕೊಡೂದು ಯಾವ ಹೊಲದ ಪದ್ಧತಿರೀ? ನಿಮ್ಮ ಅಪ್ಪಾರ ಕಾಲದಾಗ ಬಿತ್ತಾಕ ಕೂರಿಗಿ ಹಿಡದಾಕಿಗೆ ಗಂಡಾಳ ಕೂಲೀನ ಅಳೀತಿದ್ರು, ನಾ ಕಣ್ಣಾರೆ ಕಂಡೀನಿ."

ಮರುದಿನ ಸಂಜೆ ಸಾಹುಕಾರರು ಕಚೇರಿಗೆ ಬಂದರು. ಶನಿವಾರವಲ್ಲದ ದಿನ ಅವರು ಬಂದದ್ದು ಅದೇ ಮೊದಲು. ಅಕ್ಕಾವರು ಹೊರಡಲು ರೊಟ್ಟಿ ಬಟ್ಟೆ ಮಡಿಸುತ್ತಿದ್ದರು.

"ಕುಂಡ್ರು ತಂಗೀ. ಹೊಸಾ ಕಾಯಿ ಒಡದೈತಿ. ಈ ಹುಡುಗಗ ಎಷ್ಟೋ, ನಿನಗೂ ಅಷ್ಟ. ಬಡಿ ಯಾದಿ."

ಅಕ್ಕಾವರು ಕೂಡಲೇ ಕೂರಲಿಲ್ಲ. ಮಡಿಸಿದ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಅವರು ಹೇಳಿದ್ದರಲ್ಲಿ ತಮಾಷೆ ಇರಲಿಲ್ಲ.

"ನಮ್ಮವ್ವ ನಿಮ್ಮ ಹೊಲದಾಗ ಮುಕ್ಕಾಲು ಕೂಲಿ ತಗೊಂಡ್ಲರಿ ಸಾವ್ಕಾರ್ರ. ಸೊಂಟ ಮಾತ್ರ ಪೂರಾ ಹೋತು."

ಸಾಹುಕಾರರು ಕೋಲಿನಿಂದ ನೆಲ ಕೆರೆಯುತ್ತ ನಿಂತರು. ನನಗೆ ಆಗ ಇಬ್ಬರ ಮುಖವನ್ನೂ ನೋಡಲು ಆಗಲಿಲ್ಲ... ಅಕ್ಕಾವರು ಕೂತರು. ಕಚ್ಚಾ ಪ್ರತಿ ಕೇಳಲಿಲ್ಲ. ಯಾರು ಯಾವಾಗ ಸೇರಿದರು, ಯಾರಿಗೆ ಎಷ್ಟು, ಎಲ್ಲ ನೆನಪಿನಿಂದಲೇ ಟೈಪು ಮಾಡಿ ಹಾಳೆ 'ಕರ್' ಎಂದು ಹೊರಗೆಳೆದರು. ಅಂದು ಹಾಡಲಿಲ್ಲ. ಹಳೇ ಯಾದಿಯನ್ನು ಯಾರೂ ಕೇಳಲಿಲ್ಲ, ಅದರಲ್ಲಿ ಈಗ ತಪ್ಪು ಪಗಾರ ಇತ್ತಲ್ಲ. ಅವರ ತಾಯಿ ಅದನ್ನು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಿದ್ದರು.

ಮನೆಗೆ ಹೋಗುವ ಹಾದಿಯಲ್ಲಿ ನಾನು ಅಕ್ಕಾವರನ್ನು ಕೇಳಿದೆ, ಅಷ್ಟು ಗುಂಪಿಯಲ್ಲಿ ಸಾಹುಕಾರರು ಸರಿಯಾಗಿ ಅದಕ್ಕೇ ಬೆರಳು ತೋರಿಸಿದ್ದು ಹೇಗೆ ಎಂದು.

"ಅವರು ಯಾವತ್ತಿದ್ರೂ ಸಣ್ಣ ಗುಂಪೀನ ತೋರಸೂದು. ನಮ್ಮವ್ವಗ ಅದು ಗೊತ್ತಿತ್ತು. ಅದಕ್ಕ ಒಂದು ಗುಂಪಿಗೆ ಅರಳಿ ಒತ್ತಿ ಒತ್ತಿ ತುಂಬಿ ಸಣ್ಣದು ಮಾಡಿ ಇಡತಿದ್ಲು. ನಾ ಯಾದೀನ ನಾಕು ಮಡಿಕಿ ಮಾಡಿ ಇಟ್ಟಿದ್ದೆ, ಅಷ್ಟ."

ಮುಂದಿನ ತಿಂಗಳಿಂದ ಅಕ್ಕಾವರು ಗಡಿಯಾರ ನೋಡಿ ಬಂದರು, ಗಡಿಯಾರ ನೋಡಿ ಹೋದರು. ಮಜ್ಜಿಗೆ ನಿಂತಿತು, ಹಾಡು ನಿಂತಿತು. ಕಚೇರಿ ಭಣಭಣ ಎನ್ನತೊಡಗಿತು. ಹಾಡಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದ ರಾಯರೇ ಒಂದು ದಿನ, "ಒಂದು ನುಡಿ ಹಾಡ್ರೆಲಾ ಅಕ್ಕಾವ್ರ, ಮಧ್ಯಾಹ್ನ ನಿದ್ದಿ ಬರ್ತದ" ಎಂದರು. "ಗಂಡಾಳ ಪಗಾರದಾಗ ಹಾಡು ಬರೂದಿಲ್ಲರಿ ರಾಯರ" ಎಂದು ಅಕ್ಕಾವರು ತಲೆ ಎತ್ತದೆ ಟೈಪು ಮಾಡಿದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಸರಕಾರ ಯಾದಿ ನೋಡಿತು. ಒಂದೇ ಪಗಾರದ ಇಬ್ಬರು, ಅವರಲ್ಲಿ ಒಬ್ಬರು ಮೊದಲು ಸೇರಿದವರು. ಮೊದಲು ಸೇರಿದವರಿಗೆ ಪಗಾರದಲ್ಲಿ ಒಂದು ಬಡ್ತಿ ಹೆಚ್ಚಿಗೆ ಕೊಟ್ಟಿತು. ಆ ಆದೇಶ ಬಂದ ದಿನದಿಂದ ನಿವೃತ್ತಿಯ ತನಕ ಅಕ್ಕಾವರ ಪಗಾರ ನನಗಿಂತ ಚೂರೇ ಚೂರು ಹೆಚ್ಚು ಉಳಿಯಿತು. ಎಷ್ಟು ಪಗಾರ ಪರಿಷ್ಕರಣೆ ಬಂದರೂ ಆ ಚೂರು ಅಳಿಯಲಿಲ್ಲ. ಆ ಹೊತ್ತಿಗೆ ನನ್ನ ಮೀಸೆ ದಟ್ಟವಾಗಿ ಬೆಳೆದಿತ್ತು, ಏನೂ ಉಪಯೋಗವಾಗಲಿಲ್ಲ.

ಸಾಹುಕಾರರು ಹೋದರು, ರಾಯರು ಹೋದರು. ಕಾಲೇಜಿಗೆ ಕಲ್ಲಿನ ಕಟ್ಟಡ ಬಂತು. ಪೇಟಿ ಮಾಸ್ತರರು ಕಂಪನಿ ಮುಚ್ಚಿದ ಮೇಲೆ ಮನೆಯಲ್ಲೇ ಉಳಿದು, ಅಕ್ಕಾವರಿಗೆ ಬೆಳಿಗ್ಗೆ ಚಹಾ ಮಾಡಿ ಕೊಡುತ್ತಿದ್ದರಂತೆ. ಅಕ್ಕಾವರು ನಿವೃತ್ತರಾದರು, ಹಿಂದೆ ನಾನೂ ಆದೆ. ಆಮೇಲೆ ನಾವು ಭೆಟ್ಟಿಯಾಗುತ್ತಿದ್ದುದು ಪಿಂಚಣಿಯ ದಿನ ಬ್ಯಾಂಕಿನಲ್ಲಿ. ಪಾಳಿಯಲ್ಲಿ ಅವರು ಮುಂದಿದ್ದರೆ ತಮ್ಮದು ತೆಗೆದುಕೊಂಡು ಬಾಕಿನ ಮೇಲೆ ಕೂತು ನನಗೆ ಕಾಯುವರು. ನಾನು ಕಿಟಕಿಯಿಂದ ತಿರುಗಿದ ಕೂಡಲೇ ಕೇಳುವರು, "ನಿಮ್ಮದು ಎಷ್ಟು ಬಂತ್ರಿ?" ನಾನು ಹೇಳುವೆ. ಆಗ ತಮ್ಮದು ಹೇಳುವರು. ಆ ಹೆಚ್ಚಿನ ಚೂರಿನಲ್ಲಿ ಎರಡು ಕಪ್ಪು ಚಹಾ ಬರುತ್ತಿತ್ತು, ಅದನ್ನು ಅವರೇ ಕುಡಿಸುವರು. ಎಷ್ಟು ವರ್ಷ ಹೀಗೆ ನಡೆಯಿತೋ... ನಾನು ಸೋತ ಮುಖ ಮಾಡುವುದು, ಅವರು ಸೆರಗು ಬಾಯಿಗೆ ಹಿಡಿದು ನಗುವುದು.

ಅಕ್ಕಾವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಮಗಳ ಮನೆಯಲ್ಲಿ ಇದ್ದರು, ನನಗೆ ಖಬರ ತಡವಾಗಿ ಬಂತು, ಮಣ್ಣಿಗೆ ಹೋಗಲು ಆಗಲಿಲ್ಲ. ಅದು ಮನಸ್ಸಿಗೆ ಬಹಳ ಹತ್ತಿದೆ.

ಈ ತಿಂಗಳ ಪಿಂಚಣಿಗೆ ಮೊಮ್ಮಗ ಬ್ಯಾಂಕಿನ ತನಕ ಬಿಟ್ಟು ಹೋದ. ಪಾಳಿ ಬಂತು, ದುಡ್ಡು ತೆಗೆದುಕೊಂಡೆ, ಕಿಟಕಿಯಿಂದ ಈಚೆ ತಿರುಗಿ ಎಷ್ಟು ಬಂತೆಂದು ಗಟ್ಟಿಯಾಗಿ ಹೇಳಿಯೇ ಬಿಟ್ಟೆ. ಬಾಕಿನ ಮೇಲೆ ಯಾರೋ ಗುರುತಿಲ್ಲದ ಹಿರಿಯರು ಕೂತಿದ್ದರು. "ಏನಂದ್ರಿ?" ಎಂದು ಕೇಳಿದರು.

"ಏನಿಲ್ಲರಿ," ಎಂದೆ.